ಆರೋಪಿಯ ಮನಸ್ಸನ್ನು ಪರೀಕ್ಷಿಸುವ ಮೊದಲು: ಗಡಿನಾಡಿನ ಮನಃಶಾಸ್ತ್ರಜ್ಞರಿಗೆ ಒಂದು ಮಾರ್ಗದರ್ಶಿ

ನ್ಯಾಯಾಲಯದಿಂದಲೋ ಜೈಲಿನ ವೈದ್ಯಾಧಿಕಾರಿಯಿಂದಲೋ ಬರುವ ಪತ್ರದಲ್ಲಿ ಅನೇಕ ಸಲ ಒಂದೇ ಸಾಲು ಇರುತ್ತದೆ: ಈ ಆರೋಪಿಯ ಮಾನಸಿಕ ಸ್ಥಿತಿಯನ್ನು ಪರೀಕ್ಷಿಸಿ ವರದಿ ಸಲ್ಲಿಸಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಕ್ಲಿನಿಕಲ್ ಸೈಕಾಲಜಿಸ್ಟರು ಈ ಸಾಲನ್ನು ಓದಿದ ಕೂಡಲೇ ಪರೀಕ್ಷಾ ಸಾಮಗ್ರಿಯನ್ನು ಎತ್ತಿಕೊಂಡು ಹೊರಡುತ್ತಾರೆ. ಈ ಕೆಲಸದ ನೈತಿಕ ಇಕ್ಕಟ್ಟುಗಳಲ್ಲಿ ಹೆಚ್ಚಿನವು ಹುಟ್ಟುವುದು ಆ ಅವಸರದಲ್ಲೇ. ಯಾರು ಕೇಳಿದ್ದಾರೆ, ಏನನ್ನು ಕೇಳಿದ್ದಾರೆ, ಉತ್ತರ ಯಾರ ಕೈ ಸೇರುತ್ತದೆ, ಎದುರಿಗೆ ಕುಳಿತವರಿಗೆ ಇದೆಲ್ಲ ತಿಳಿದಿದೆಯೇ ಎಂಬುದು ಇತ್ಯರ್ಥವಾಗುವ ತನಕ ಮೊದಲ ಪ್ರಶ್ನೆಯನ್ನೂ ಕೇಳಬಾರದು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಇದಕ್ಕೆ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ಆರೋಪಿ ಮನೆಯಲ್ಲಿ ತುಳು ಆಡುತ್ತಾನೆ, ಶಾಲೆಯಲ್ಲಿ ಕನ್ನಡ ಕಲಿತಿರುತ್ತಾನೆ, ಪೊಲೀಸರ ದಾಖಲೆ ಮಲಯಾಳದಲ್ಲಿರುತ್ತದೆ, ನಮ್ಮ ವರದಿ ಇಂಗ್ಲಿಷಿನಲ್ಲಿ ಹೋಗುತ್ತದೆ. ತನ್ನ ಬಗ್ಗೆ ಬರೆದದ್ದನ್ನು ಅವನು ಓದಿ ತಿಳಿದುಕೊಳ್ಳುವ ಸಂಭವ ಕಡಿಮೆ. ಆದ್ದರಿಂದ ಬರೆಯುವವರ ಹೊಣೆ ಇಲ್ಲಿ ಇಮ್ಮಡಿಯಾಗುತ್ತದೆ.

ಪ್ರಶ್ನೆಯನ್ನು ಬಿಡಿಸಿಕೊಳ್ಳುವುದು

ಒಂದು ಸಾಲಿನ ಆ ಪತ್ರದ ಹಿಂದೆ ಎರಡು ಬೇರೆ ಬೇರೆ ಪ್ರಶ್ನೆಗಳಿರಬಹುದು. ಆರೋಪಿ ಈಗ ವಿಚಾರಣೆಯನ್ನು ಎದುರಿಸಲು, ತನ್ನ ವಕೀಲರಿಗೆ ವಿಷಯ ತಿಳಿಸಲು, ತನ್ನ ಪರವಾಗಿ ವಾದ ಮಂಡಿಸಿಕೊಳ್ಳಲು ಶಕ್ತನೇ ಎಂಬುದು ಮೊದಲನೆಯದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367 ಮತ್ತು 368ನೇ ಸೆಕ್ಷನ್‌ಗಳು ಇದನ್ನು ಕುರಿತವು; ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇವು 328 ಮತ್ತು 329 ಆಗಿದ್ದವು. ಕೃತ್ಯ ನಡೆದ ಹೊತ್ತಿನಲ್ಲಿ ಅವನಿಗೆ ತಾನು ಮಾಡುತ್ತಿರುವುದರ ಸ್ವರೂಪ ತಿಳಿಯುತ್ತಿತ್ತೇ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬ ಅರಿವಿತ್ತೇ ಎಂಬುದು ಎರಡನೆಯದು. ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್‌ಗೆ, ಅಂದರೆ ಹಳೆಯ ದಂಡ ಸಂಹಿತೆಯ 84ಕ್ಕೆ ಸೇರಿದ ಪ್ರಶ್ನೆ. ಮೊದಲನೆಯದು ಇಂದಿನ ಮನಸ್ಸನ್ನು ಕುರಿತದ್ದು, ಎರಡನೆಯದು ತಿಂಗಳುಗಳ ಅಥವಾ ವರ್ಷಗಳ ಹಿಂದಿನ ಒಂದು ಗಳಿಗೆಯ ಮನಸ್ಸನ್ನು ಕುರಿತದ್ದು. ಇವತ್ತು ತೀವ್ರವಾದ ಮನೋರೋಗ ಕಂಡುಬಂದ ಮಾತ್ರಕ್ಕೆ ಅಂದೂ ಅದು ಹಾಗೆಯೇ ಇತ್ತು ಎನ್ನಲಾಗದು; ಇವತ್ತು ಔಷಧದಿಂದ ಶಾಂತವಾಗಿ ಕುಳಿತವನು ಅಂದು ಸ್ವಸ್ಥನಿದ್ದನೆಂದೂ ಹೇಳಲಾಗದು.

ಪತ್ರದಲ್ಲಿ ಯಾವ ಪ್ರಶ್ನೆ ಎಂಬುದು ಸ್ಪಷ್ಟವಿಲ್ಲದಿದ್ದರೆ ಮೌಖಿಕವಾಗಿ ವಿಚಾರಿಸಿ ಸುಮ್ಮನಾಗದೆ, ಲಿಖಿತವಾಗಿಯೇ ಸ್ಪಷ್ಟನೆ ಕೇಳಬೇಕು. ಎರಡೂ ಪ್ರಶ್ನೆಗಳಿಗೆ ಉತ್ತರ ಬೇಕು ಎಂದಾದರೆ ಎರಡು ಪ್ರತ್ಯೇಕ ವರದಿಗಳನ್ನು ಕೊಡುವುದೇ ಸರಿ. ವಿಚಾರಣೆ ಎದುರಿಸುವ ಸಾಮರ್ಥ್ಯವನ್ನು ಹೇಳುವ ವರದಿಯಲ್ಲಿ ಘಟನೆಯ ದಿನದ ವಿವರಣೆಗೆ ಜಾಗವೇ ಇಲ್ಲ. ಅಲ್ಲಿ ಅದನ್ನು ತುಂಬಿದರೆ, ಇನ್ನೂ ವಕೀಲರೊಂದಿಗೆ ನೆಟ್ಟಗೆ ಮಾತನಾಡಲಾರದ ಒಬ್ಬ ಮನುಷ್ಯನ ಬಾಯಿಂದ ಅವನಿಗೇ ವಿರುದ್ಧವಾದ ಹೇಳಿಕೆಯನ್ನು ನಾವು ಕಡತಕ್ಕೆ ಸೇರಿಸಿದಂತಾಗುತ್ತದೆ. ಅಮೆರಿಕದಲ್ಲಿ ಇಂಥದೇ ಸಂದರ್ಭ ಬಂದಿತ್ತು. ವಿಚಾರಣೆ ಎದುರಿಸುವ ಸಾಮರ್ಥ್ಯವನ್ನು ನೋಡಲು ನೇಮಕವಾದ ಮನೋವೈದ್ಯರೊಬ್ಬರು, ಆರೋಪಿಗೆ ಯಾವ ಮುನ್ನೆಚ್ಚರಿಕೆಯನ್ನೂ ಕೊಡದೆ ಮಾಡಿದ ಪರೀಕ್ಷೆಯ ಆಧಾರದ ಮೇಲೆ, ಮುಂದೆ ಶಿಕ್ಷೆಯ ಹಂತದಲ್ಲಿ ಅವನು ಸಮಾಜಕ್ಕೆ ಅಪಾಯಕಾರಿ ಎಂದು ಸಾಕ್ಷ್ಯ ನುಡಿದರು. ಎಸ್ಟೆಲ್ ವಿರುದ್ಧ ಸ್ಮಿತ್ ಎಂಬ ಆ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1981ರಲ್ಲಿ ಮರಣದಂಡನೆಯನ್ನು ನಿಲ್ಲಗೊಡಲಿಲ್ಲ. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಬಂಧಿಸದಿದ್ದರೂ ಅದು ಎತ್ತಿದ ಪ್ರಶ್ನೆ ನಮ್ಮದೂ ಹೌದು.

ನಾಗರಿಕ ಸುರಕ್ಷಾ ಸಂಹಿತೆಯ ಆ ಸೆಕ್ಷನ್‌ಗಳಲ್ಲಿ ಮನಃಶಾಸ್ತ್ರಜ್ಞರ ಸ್ಥಾನ ಎಲ್ಲಿದೆ ಎಂಬುದನ್ನೂ ತಿಳಿದಿರಬೇಕು. ಮ್ಯಾಜಿಸ್ಟ್ರೇಟರು ಮೊದಲು ಆರೋಪಿಯನ್ನು ಜಿಲ್ಲೆಯ ಸಿವಿಲ್ ಸರ್ಜನ್ ಅಥವಾ ನಿಯೋಜಿತ ವೈದ್ಯಾಧಿಕಾರಿಯ ಬಳಿಗೆ ಕಳುಹಿಸುತ್ತಾರೆ. ಅವರಿಗೆ ಮಾನಸಿಕ ಅಸ್ವಾಸ್ಥ್ಯ ಕಂಡುಬಂದರೆ ಸರ್ಕಾರಿ ಆಸ್ಪತ್ರೆಯ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯರಿಗೆ ಇಲ್ಲವೇ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಒಪ್ಪಿಸುತ್ತಾರೆ. ಆ ಅಭಿಪ್ರಾಯ ಒಪ್ಪಿಗೆಯಾಗದಿದ್ದರೆ ಆರೋಪಿಯು ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಈ ಮೇಲ್ಮನವಿಯ ಹಕ್ಕಿನ ವಿಷಯ ಎಷ್ಟೋ ಕುಟುಂಬಗಳಿಗೆ ಗೊತ್ತೇ ಇರುವುದಿಲ್ಲ. ಅದನ್ನು ತಿಳಿಸುವುದು ಪಕ್ಷಪಾತವಲ್ಲ.

ಚಿಕಿತ್ಸಕರೇ ಪರೀಕ್ಷಕರಾಗಬೇಕಾಗಿ ಬಂದಾಗ

ಒಂದು ಕಲ್ಪಿತ ಪ್ರಕರಣವನ್ನು ಎದುರಿಗಿಟ್ಟುಕೊಳ್ಳೋಣ. ಬದಿಯಡ್ಕ ಕಡೆಯ ಇಪ್ಪತ್ತಾರು ವರ್ಷದ ಕೂಲಿ ಕಾರ್ಮಿಕನೊಬ್ಬ ನೆರೆಯವರ ಮೇಲೆ ಕತ್ತಿ ಬೀಸಿದ ಆರೋಪದಲ್ಲಿ ರಿಮಾಂಡಿನಲ್ಲಿದ್ದಾನೆ. ಎರಡು ವರ್ಷಗಳ ಹಿಂದೆ ಅವನ ತಾಯಿ ಅವನನ್ನು ನಿದ್ದೆ ಬರುವುದಿಲ್ಲ, ಒಬ್ಬನೇ ಮಾತನಾಡುತ್ತಾನೆ ಎಂಬ ಕಾರಣಕ್ಕೆ ಆಸ್ಪತ್ರೆಗೆ ಕರೆತಂದಿದ್ದರು. ಅವನನ್ನು ಆಗ ನೋಡಿದ ಸೈಕಾಲಜಿಸ್ಟರಿಗೇ ಈಗ ನ್ಯಾಯಾಲಯದ ಪತ್ರ ಬರುತ್ತದೆ. ಮಾನಸಿಕ ಆರೋಗ್ಯದ ತಜ್ಞರು ವಿರಳವಾಗಿರುವ ಕಡೆ ಇದು ಅಪರೂಪದ ಸಂಗತಿಯಲ್ಲ.

ಚಿಕಿತ್ಸೆ ಕೊಡುವವರು ರೋಗಿಯ ಹಿತವನ್ನು ನೋಡುತ್ತಾರೆ, ಅವನ ಮಾತನ್ನು ನಂಬಿ ಮುಂದುವರಿಯುತ್ತಾರೆ. ಪರೀಕ್ಷೆ ಮಾಡುವವರು ನ್ಯಾಯಾಲಯಕ್ಕೆ ಉತ್ತರ ಕೊಡಬೇಕಾದವರು. ಅವನ ಮಾತನ್ನು ದಾಖಲೆಗಳೊಂದಿಗೆ, ಬೇರೆಯವರ ಹೇಳಿಕೆಯೊಂದಿಗೆ ಹೋಲಿಸಿ ನೋಡಬೇಕಾದವರು. ಒಬ್ಬರೇ ಎರಡನ್ನೂ ಮಾಡಹೊರಟರೆ, ಹಿಂದೆ ವಿಶ್ವಾಸದಿಂದ ಹೇಳಿಕೊಂಡದ್ದು ಈಗ ಅವನ ವಿರುದ್ಧ ತಿರುಗುತ್ತದೆ, ಇಲ್ಲವೇ ಕನಿಕರದಿಂದ ಪರೀಕ್ಷೆಯ ಫಲಿತಾಂಶ ಮೆತ್ತಗಾಗುತ್ತದೆ. ಆದ್ದರಿಂದ ಮೊದಲ ಕೆಲಸ, ಹಿಂದಿನ ಚಿಕಿತ್ಸಾ ಸಂಬಂಧವನ್ನು ನ್ಯಾಯಾಲಯಕ್ಕೆ ಬರೆದು ತಿಳಿಸಿ ಬೇರೆಯವರನ್ನು ನೇಮಿಸುವಂತೆ ಕೋರುವುದು. ಹಿಂದಿನ ಚಿಕಿತ್ಸೆಯ ಬಗ್ಗೆ ಸಮನ್ಸ್ ಬಂದರೆ ಕಂಡದ್ದನ್ನು, ದಾಖಲೆಯಲ್ಲಿರುವುದನ್ನು ಮಾತ್ರ ಹೇಳುವ ಸಾಕ್ಷಿಯಾಗಿ ಹೋಗಬಹುದು. ಅದರಾಚೆಗೆ ಅಭಿಪ್ರಾಯ ಕೊಡಬಾರದು. ಬೇರೆ ಯಾರೂ ಸಿಗುವುದಿಲ್ಲ ಎಂದು ನ್ಯಾಯಾಲಯ ನಿಮ್ಮನ್ನೇ ನೇಮಿಸಿದರೆ ವರದಿಯ ಮೊದಲ ಪುಟದಲ್ಲೇ ಆ ಸಂಬಂಧವನ್ನೂ ಅದರಿಂದ ಬರಬಹುದಾದ ವಾಲಿಕೆಯನ್ನೂ ಬರೆದಿಡಬೇಕು. ಇನ್ನೂ ಒಂದು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ, ಅದರ ಅಪವಾದಗಳನ್ನೂ ಹೇಳಿದೆ. ಠಾಣೆಯಿಂದ ಯಾರೋ ಫೋನ್ ಮಾಡಿ ಕೇಳಿದರು ಎಂಬ ಕಾರಣಕ್ಕೆ ಹಳೆಯ ಚಿಕಿತ್ಸಾ ಕಡತವನ್ನು ಕೊಡುವುದು ಆ ಅಪವಾದಗಳಲ್ಲಿ ಸೇರುವುದಿಲ್ಲ.

ಮೊದಲ ಹತ್ತು ನಿಮಿಷ

ಜೈಲಿನಲ್ಲಿ ಕೂತವನಿಗೆ, ಮೇಜಿನ ಆಚೆ ಬಂದು ಕುಳಿತು ಮೃದುವಾಗಿ ಮಾತನಾಡಿಸುವ ಪ್ರತಿಯೊಬ್ಬರೂ ಡಾಕ್ಟರರೇ. ತನ್ನನ್ನು ಗುಣಪಡಿಸಲು, ಬಿಡಿಸಲು ಬಂದವರೆಂದು ಅವನು ನಂಬುತ್ತಾನೆ. ಆ ನಂಬಿಕೆಯ ಲಾಭ ಪಡೆದು ಮಾತು ಹೊರಡಿಸುವುದು ಸುಲಭ, ಮತ್ತು ಅದೇ ಈ ವೃತ್ತಿಯ ಅತ್ಯಂತ ದೊಡ್ಡ ಅನ್ಯಾಯ. ಅವನ ಭಾಷೆಯಲ್ಲಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ವಿಷಯ ತಿಳಿಸಬೇಕು. ಕನ್ನಡ ಬಲ್ಲವನಾದರೆ ಹೀಗೆ ಹೇಳಬಹುದು:

“ನಾನು ಮನಃಶಾಸ್ತ್ರಜ್ಞ. ನನ್ನನ್ನು ಕಳುಹಿಸಿದ್ದು ಕೋರ್ಟು. ನಾನು ನಿಮ್ಮ ವಕೀಲನೂ ಅಲ್ಲ, ಪೊಲೀಸರ ಕಡೆಯವನೂ ಅಲ್ಲ, ಮದ್ದು ಕೊಡಲಿಕ್ಕೆ ಬಂದವನೂ ಅಲ್ಲ. ನೀವು ಹೇಳಿದ್ದನ್ನು ಗುಟ್ಟಾಗಿ ಇಡಲಿಕ್ಕೆ ನನ್ನಿಂದ ಆಗುವುದಿಲ್ಲ. ಬೇಕಾದದ್ದನ್ನು ವರದಿಯಲ್ಲಿ ಬರೆಯುತ್ತೇನೆ. ಅದನ್ನು ಜಡ್ಜಿಯವರು ಓದುತ್ತಾರೆ, ಎರಡೂ ಕಡೆಯ ವಕೀಲರು ಓದುತ್ತಾರೆ. ಅದರಿಂದ ನಿಮಗೆ ಒಳ್ಳೆಯದೂ ಆಗಬಹುದು, ತೊಂದರೆಯೂ ಆಗಬಹುದು. ಯಾವುದಾದರೂ ಪ್ರಶ್ನೆಗೆ ಉತ್ತರ ಕೊಡಲು ಮನಸ್ಸಿಲ್ಲದಿದ್ದರೆ ಕೊಡಬೇಡಿ. ಕೊಡಲಿಲ್ಲ ಎಂದಷ್ಟೇ ಬರೆಯುತ್ತೇನೆ. ಈಗ ನಾನು ಏನು ಹೇಳಿದೆ ಎಂದು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ ನೋಡುವಾ.”

ಕೊನೆಯ ವಾಕ್ಯವನ್ನು ಬಿಡಲೇಬಾರದು. ಅವನು ತಿರುಗಿ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಂಡು ವರದಿಯಲ್ಲಿ ಸೇರಿಸಬೇಕು. “ನೀವು ನನ್ನನ್ನು ಬಿಡಿಸಲು ಬಂದವರು” ಎಂದು ಅವನು ಹೇಳಿದರೆ ಮತ್ತೊಮ್ಮೆ ವಿವರಿಸಬೇಕು. ಎರಡು ಮೂರು ಸಲ ಹೇಳಿದ ಮೇಲೂ ಹಿಡಿತಕ್ಕೆ ಬರದಿದ್ದರೆ ಆ ಅಸಾಮರ್ಥ್ಯವೇ ನ್ಯಾಯಾಲಯ ತಿಳಿಯಬೇಕಾದ ಒಂದು ಅಂಶ. ಅಲ್ಲಿಗೆ ಘಟನೆಯ ಬಗ್ಗೆ ಒಂದು ಮಾತೂ ಕೇಳದೆ ನಿಲ್ಲಿಸಬೇಕು. ಅವನಿಗೆ ಇನ್ನೂ ವಕೀಲರಿಲ್ಲದಿದ್ದರೂ ಹಾಗೆಯೇ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ವಕೀಲರು ನೇಮಕವಾಗುವ ತನಕ ಪರೀಕ್ಷೆಯನ್ನು ಮುಂದೂಡುವಂತೆ ಕೇಳುವುದರಿಂದ ಕೆಲವು ದಿನ ತಡವಾಗಬಹುದು, ಅಷ್ಟೇ.

ಬೆಂಗಾವಲಿಗೆ ಬಂದ ಪೊಲೀಸರು ಅಥವಾ ವಾರ್ಡರು ಕೋಣೆಯಲ್ಲಿ ನಿಲ್ಲಲು ಬಯಸುತ್ತಾರೆ, ಭದ್ರತೆಯ ದೃಷ್ಟಿಯಿಂದ ಅದು ಸಹಜವೂ ಹೌದು. ಅವರಿಗೆ ಆರೋಪಿ ಕಾಣುತ್ತಿರಲಿ, ಆದರೆ ಮಾತು ಕೇಳಿಸದಿರಲಿ ಎಂದು ವ್ಯವಸ್ಥೆ ಮಾಡಿಕೊಳ್ಳಿ. ಬಾಗಿಲು ತೆರೆದಿಟ್ಟು ಹೊರಗೆ ಕುರ್ಚಿ ಹಾಕಿದರೆ ಸಾಕಾಗುತ್ತದೆ. ಒಪ್ಪದಿದ್ದರೆ ಅವರ ಉಪಸ್ಥಿತಿಯನ್ನು ವರದಿಯಲ್ಲಿ ದಾಖಲಿಸಿ. ಆಗ ಸಿಕ್ಕ ಉತ್ತರಗಳ ತೂಕ ಎಷ್ಟು ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ.

ಅವನು ಎಲ್ಲವನ್ನೂ ಹೇಳಿಬಿಟ್ಟಾಗ

ಎಷ್ಟು ಎಚ್ಚರಿಸಿದರೂ ಕೆಲವರು ಹೇಳಿಬಿಡುತ್ತಾರೆ. ವಕೀಲರಿಗೂ ಕಕ್ಷಿಗಾರನಿಗೂ ನಡುವಿನ ಮಾತಿಗೆ ಸಾಕ್ಷ್ಯ ಕಾನೂನಿನಲ್ಲಿ ಇರುವ ರಕ್ಷಣೆ ನಮ್ಮ ಕೋಣೆಯ ಮಾತಿಗೆ ಇಲ್ಲ. ಸಮನ್ಸ್ ಬಂದರೆ ಸಾಕ್ಷಿಕಟ್ಟೆಯಲ್ಲಿ ನಿಂತು ಉತ್ತರಿಸಬೇಕಾಗುತ್ತದೆ. ಸಂವಿಧಾನದ 20(3)ನೇ ವಿಧಿ ಯಾರನ್ನೂ ತನ್ನ ವಿರುದ್ಧವೇ ಸಾಕ್ಷ್ಯ ನುಡಿಯುವಂತೆ ಒತ್ತಾಯಿಸಬಾರದು ಎನ್ನುತ್ತದೆ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಮೆದುಳಿನ ವಿದ್ಯುತ್ ಸಂಕೇತಗಳ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ನಡೆಸಬಾರದು ಎಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪಿತ್ತದ್ದು ಇದೇ ತತ್ವದ ಮೇಲೆ. ನಮ್ಮ ಸಂದರ್ಶನದಲ್ಲಿ ಯಂತ್ರವಿಲ್ಲ, ಚುಚ್ಚುಮದ್ದಿಲ್ಲ. ಆದರೂ ತರಬೇತಿ ಪಡೆದವರ ಮಾತಿನ ನಯಕ್ಕೂ ಬಾಯಿ ಬಿಡಿಸುವ ಶಕ್ತಿಯಿದೆ ಎಂಬುದನ್ನು ಮರೆಯಬಾರದು.

ಕೇಳಿದ ಪ್ರಶ್ನೆಗೆ ಉತ್ತರಿಸಲು ಅಗತ್ಯವಿಲ್ಲದ್ದನ್ನು ವರದಿಯಲ್ಲಿ ಬರೆಯಬಾರದು. ಆದರೆ ಬರೆದುಕೊಂಡ ಟಿಪ್ಪಣಿಯನ್ನು ಹರಿದುಹಾಕಲೂ ಬಾರದು. ಮೊದಲನೆಯದು ಸಂಯಮ, ಎರಡನೆಯದು ಸಾಕ್ಷ್ಯನಾಶ. ವಿಚಾರಣೆ ಎದುರಿಸುವ ಸಾಮರ್ಥ್ಯದ ವರದಿಯಲ್ಲಿ “ತನ್ನ ಮೇಲಿನ ಆರೋಪ ಏನೆಂಬುದು ಅವನಿಗೆ ತಿಳಿದಿದೆ, ಅದರ ಬಗ್ಗೆ ಕ್ರಮಬದ್ಧವಾಗಿ ಮಾತನಾಡಬಲ್ಲನು” ಎಂದರೆ ಸಾಕು. ಅವನು ಏನು ಹೇಳಿದ ಎಂಬುದು ಬೇಕಿಲ್ಲ. 22ನೇ ಸೆಕ್ಷನ್‌ನ ಪ್ರಶ್ನೆಯಾದರೆ ಘಟನೆಯ ವಿವರಣೆ ಇಲ್ಲದೆ ಉತ್ತರವೇ ಸಾಧ್ಯವಿಲ್ಲ. ಅಂಥ ಪರೀಕ್ಷೆಗೆ ಕೂರುವ ಮೊದಲೇ ಆರೋಪಿಯ ವಕೀಲರಿಗೆ ವಿಷಯ ತಿಳಿದಿರುವಂತೆ ನೋಡಿಕೊಳ್ಳಬೇಕು.

ಇದಕ್ಕಿಂತ ಕಠಿಣವಾದದ್ದು, ಬೇರೊಂದು ಮಗುವಿಗೆ ಆಗುತ್ತಿರುವ ಲೈಂಗಿಕ ದೌರ್ಜನ್ಯದ ವಿಷಯ ಮಾತಿನ ನಡುವೆ ಹೊರಬಂದಾಗ. ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದನ್ನು ವರದಿ ಮಾಡುವುದು ಕಡ್ಡಾಯ, ಅಲ್ಲಿ ಆಯ್ಕೆಯಿಲ್ಲ. ಆದ್ದರಿಂದ ಈ ಮಿತಿಯನ್ನೂ ಆರಂಭದ ಮಾತಿನಲ್ಲೇ ಸೇರಿಸಿ ಹೇಳುವುದು ನ್ಯಾಯ. ಆರೋಪಿ ಆತ್ಮಹತ್ಯೆಯ ಯೋಚನೆಯಲ್ಲಿದ್ದಾನೆ ಎಂದು ಕಂಡರೆ ವರದಿ ಮುಗಿಯುವ ತನಕ ಕಾಯಬಾರದು. ಅಂದೇ ಜೈಲಿನ ವೈದ್ಯಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು, ಅಪಾಯದ ಬಗ್ಗೆ ಮಾತ್ರ. ಪ್ರಕರಣದ ಕುರಿತು ಅವನು ಆಡಿದ ಮಾತುಗಳು ಆ ಚೀಟಿಯಲ್ಲಿರಬಾರದು.

ಯಾವ ಭಾಷೆಯಲ್ಲಿ ಅಳೆಯುತ್ತೀರಿ

ಗಡಿನಾಡಿನಲ್ಲಿ ಈ ಕೆಲಸ ಮಾಡುವವರು ಅತ್ಯಂತ ಹೆಚ್ಚು ಹೊತ್ತು ಯೋಚಿಸಬೇಕಾದ ವಿಷಯ ಇದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾರಣ ಕಾನೂನಿನಲ್ಲೇ ಇದೆ. ಆರೋಪಿ ಮನೋರೋಗದಿಂದಾಗಿ ವಿಚಾರಣೆ ಎದುರಿಸಲಾರನು, ಆದರೆ ಅವನ ಮೇಲೆ ಮೇಲ್ನೋಟಕ್ಕೆ ಪ್ರಕರಣವಿದೆ ಎಂದಾದರೆ ಚಿಕಿತ್ಸೆಗೆ ಬೇಕಾದಷ್ಟು ಕಾಲ ವಿಚಾರಣೆಯನ್ನು ಮುಂದೂಡಲಾಗುತ್ತದೆ. ಅಸಾಮರ್ಥ್ಯಕ್ಕೆ ಕಾರಣ ಬೌದ್ಧಿಕ ಅಸಾಮರ್ಥ್ಯ ಎಂದಾದರೆ ವಿಚಾರಣೆಯೇ ನಡೆಯುವುದಿಲ್ಲ. ಒಂದು ಬುದ್ಧಿಮತ್ತೆಯ ಅಂಕ ಈ ಎರಡು ದಾರಿಗಳಲ್ಲಿ ಯಾವುದು ಎಂಬುದನ್ನು ನಿರ್ಧರಿಸುವಷ್ಟು ಭಾರವಾಗಬಲ್ಲದು. ಆ ಅಂಕವನ್ನು ತಪ್ಪು ಭಾಷೆಯಲ್ಲಿ ಪಡೆದಿದ್ದರೆ?

ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಮನೆಮಾತಾಗಿರುವ ಊರುಗಳಲ್ಲಿ, ಶಾಲೆಯ ಭಾಷೆ ಯಾವುದು ಎಂದು ಕೇಳಿ ಅದನ್ನೇ ಪರೀಕ್ಷೆಯ ಭಾಷೆಯೆಂದು ತೀರ್ಮಾನಿಸುವುದು ವಾಡಿಕೆ. ಅದು ಸಾಲದು. ಎಷ್ಟನೇ ತರಗತಿಯ ತನಕ ಓದಿದ, ಕೆಲಸದ ಜಾಗದಲ್ಲಿ ಯಾವ ಮಾತು, ಲೆಕ್ಕ ಮಾಡುವಾಗ ಯಾವ ಭಾಷೆಯಲ್ಲಿ ಎಣಿಸುತ್ತಾನೆ, ಸಿಟ್ಟು ಬಂದಾಗ ಯಾವುದರಲ್ಲಿ ಬೈಯುತ್ತಾನೆ ಎಂದು ಕೇಳಿದರೆ ನಿಜವಾದ ಚಿತ್ರ ಸಿಗುತ್ತದೆ. ಅಂಕಿಗಳನ್ನು ಕೇಳಿ ತಿರುಗಿ ಹೇಳುವ ಸರಳ ಪರೀಕ್ಷೆಯಲ್ಲೂ ಎಣಿಕೆಯ ಭಾಷೆ ಬದಲಾದರೆ ಫಲಿತಾಂಶ ಬದಲಾಗುತ್ತದೆ. ಬಿನೆ–ಕಾಮತ್ ಬುದ್ಧಿಮತ್ತೆಯ ಪರೀಕ್ಷೆ ಮುಂಬಯಿ ಪ್ರಾಂತದ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ 1930ರ ದಶಕದಲ್ಲಿ ರೂಪುಗೊಂಡದ್ದು. ಕನ್ನಡದ ಪರೀಕ್ಷೆ ಎಂಬ ಒಂದೇ ಕಾರಣಕ್ಕೆ ಅದನ್ನು ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ತುಳು ಮಾತನಾಡುವ ವಯಸ್ಕನ ಮೇಲೆ ಪ್ರಯೋಗಿಸಿ ಬಂದ ಅಂಕವನ್ನು ಹಾಗೆಯೇ ವರದಿಯಲ್ಲಿ ಬರೆಯುವುದು ಸರಿಯಲ್ಲ. ಮಾತಿನ ಅವಲಂಬನೆ ಕಡಿಮೆಯಿರುವ ಭಾಟಿಯಾ ಪರೀಕ್ಷಾಮಾಲೆಯಂಥದನ್ನೂ ನಡೆಸಿ, ದೈನಂದಿನ ಬದುಕನ್ನು ಅವನು ಹೇಗೆ ನಿಭಾಯಿಸುತ್ತಿದ್ದ ಎಂಬುದನ್ನು ಮನೆಯವರಿಂದ, ಕೆಲಸ ಕೊಟ್ಟವರಿಂದ, ಕಲಿಸಿದ ಶಿಕ್ಷಕರಿಂದ ಕೇಳಿ ತಿಳಿದು, ಮೂರನ್ನೂ ಒಟ್ಟಿಗಿಟ್ಟು ನೋಡಬೇಕು. ಯಾವ ಭಾಷೆಯಲ್ಲಿ ಪರೀಕ್ಷಿಸಲಾಯಿತು, ಅಂಕವನ್ನು ಹೋಲಿಸಿ ನೋಡುವ ಮಾನಕಗಳು ಯಾವ ಜನರಿಂದ ಬಂದವು, ಇವನಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂಬುದನ್ನು ಅಂಕದ ಪಕ್ಕದಲ್ಲೇ ಬರೆಯಬೇಕು, ಅಡಿಟಿಪ್ಪಣಿಯಲ್ಲಲ್ಲ.

ಎಣ್ಮಕಜೆಯ ಹೆಸರು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳು ಇಲ್ಲಿವೆ. ಆ ಊರಿನವನು ಎಂದ ಕೂಡಲೇ ಬೌದ್ಧಿಕ ಅಸಾಮರ್ಥ್ಯ ಇರಲೇಬೇಕು ಎಂದು ಊಹಿಸುವುದೂ, ಎಲ್ಲರೂ ಅದನ್ನೇ ಹೇಳಿಕೊಳ್ಳುತ್ತಾರೆ ಎಂದು ಸಂಶಯಿಸುವುದೂ ಸಮಾನವಾಗಿ ಅನ್ಯಾಯ. ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದರೆ ಅದಕ್ಕೆ ಸಂಬಂಧಿಸಿದ ವೈದ್ಯಕೀಯ ದಾಖಲೆಗಳನ್ನು ತರಿಸಿ ನೋಡಿ. ಹೆಸರಿಲ್ಲದಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಪರೀಕ್ಷೆ ಒಬ್ಬ ವ್ಯಕ್ತಿಯದು, ಊರಿನದಲ್ಲ.

ದುಭಾಷಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಪೊಲೀಸರು, ಸಹಕೈದಿ, ಆರೋಪಿಯ ಬಂಧು, ದೂರುದಾರರ ಕಡೆಯವರು ಯಾರೂ ದುಭಾಷಿಯಾಗಬಾರದು. ಪಕ್ಷಪಾತವಿಲ್ಲದ ದುಭಾಷಿಯಲ್ಲೂ ಒಂದು ಅಪಾಯವಿದೆ. ಸಹಾಯ ಮಾಡುವ ಸದುದ್ದೇಶದಿಂದ ಅವರು ತಾಳತಪ್ಪಿದ ಮಾತನ್ನು ಜೋಡಿಸಿ, ಅರ್ಥವಾಗುವಂತೆ ಮಾಡಿ ಹೇಳಿಬಿಡುತ್ತಾರೆ. ಆಗ ಯೋಚನೆಯ ಕ್ರಮ ಕೆಟ್ಟಿರುವ ಲಕ್ಷಣವೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅರ್ಥವಾಗದಿದ್ದರೆ ಅರ್ಥವಾಗದಂತೆಯೇ ಹೇಳಿ ಎಂದು ಮೊದಲೇ ತಿಳಿಸಬೇಕು. ಕನ್ನಡ ಬಲ್ಲ ಸೈಕಾಲಜಿಸ್ಟರನ್ನು ಬೇರೆಯವರ ಪರೀಕ್ಷೆಗೆ ದುಭಾಷಿಯಾಗಿ ಕರೆಯುವುದೂ ಉಂಟು. ಒಪ್ಪಿಕೊಂಡರೆ ಆ ದಿನ ನೀವು ದುಭಾಷಿ ಮಾತ್ರ. ಅನಂತರ ಅದೇ ಪ್ರಕರಣದಲ್ಲಿ ತಜ್ಞರಾಗಿ ಅಭಿಪ್ರಾಯ ಕೊಡಬಾರದು. ಕೇರಳದ ಮೂರು ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಿರುವುದು ತಿರುವನಂತಪುರ, ತ್ರಿಶೂರು ಮತ್ತು ಕೋಝಿಕ್ಕೋಡಿನಲ್ಲಿ. ಇಲ್ಲಿಂದ ಕುದಿರವಟ್ಟಕ್ಕೆ, ಅಂದರೆ ಕೋಝಿಕ್ಕೋಡಿನ ಕೇಂದ್ರಕ್ಕೆ, ಕಳುಹಿಸಲ್ಪಟ್ಟ ಕನ್ನಡ ಅಥವಾ ತುಳು ಮಾತನಾಡುವ ಆರೋಪಿಯ ಸುತ್ತ ಮಲಯಾಳವೇ ಇರುತ್ತದೆ. ಅವನು ಮಾತನಾಡದೆ ಕುಳಿತರೆ ಅದು ರೋಗದ ಮೌನವೋ ಭಾಷೆ ತಿಳಿಯದವನ ಮೌನವೋ ಎಂದು ಅಲ್ಲಿಯವರಿಗೆ ಹೇಗೆ ತಿಳಿಯಬೇಕು? ಅವನ ಭಾಷಾ ಹಿನ್ನೆಲೆಯನ್ನು ಒಂದು ಪುಟದಲ್ಲಿ ಬರೆದು ಜೊತೆಗೆ ಕಳುಹಿಸುವುದು ಚಿಕ್ಕ ಕೆಲಸವಾದರೂ ಅದರಿಂದ ದೊಡ್ಡ ತಪ್ಪು ತಪ್ಪೀತು.

“ದೈವ ಹೇಳಿತು” ಎಂದಾಗ

ತುಳುನಾಡಿನಲ್ಲಿ ದೈವದ ಆವೇಶ, ದರ್ಶನ, ಮೈಮೇಲೆ ಬರುವುದು ಬದುಕಿನ ಭಾಗ. ಕೋಲದಲ್ಲಿ, ನೇಮದಲ್ಲಿ ಪಾತ್ರಿಯ ಬಾಯಿಂದ ಬರುವ ಮಾತನ್ನು ಊರು ಕೇಳುತ್ತದೆ. ಹಾಗಿರುವಾಗ ಆರೋಪಿಯೊಬ್ಬ ದೈವ ಹೇಳಿದ್ದರಿಂದ ಹೊಡೆದೆ ಎಂದರೆ ಹೊರಗಿನಿಂದ ಬಂದ ಪರೀಕ್ಷಕರು ಕೂಡಲೇ ಅದನ್ನು ಭ್ರಮೆ ಎಂದು ಬರೆಯಬಹುದು. ಒಳಗಿನವರು ಅದನ್ನು ನಂಬಿಕೆ ಎಂದು ಬಿಟ್ಟುಬಿಡಬಹುದು. ಎರಡೂ ವಿಚಾರಿಸದೆ ಕೊಟ್ಟ ಉತ್ತರಗಳು. ಅವನ ಮನೆತನಕ್ಕೆ ಆ ದೈವದ ಸಂಬಂಧವಿದೆಯೇ, ಆವೇಶ ಬಂದದ್ದು ಆಚರಣೆಯ ಹೊತ್ತಿನಲ್ಲೋ ಅದರ ಹೊರಗೋ, ಅವನ ಮನೆಯವರು ಮತ್ತು ಅದೇ ದೈವವನ್ನು ನಂಬುವ ಊರಿನವರು ಅದನ್ನು ನಿಜವಾದ ದರ್ಶನವೆಂದು ಒಪ್ಪುತ್ತಾರೋ ಇಲ್ಲವೇ ಅವನಿಗೆ ಏನೋ ಆಗಿದೆ ಎಂದು ಆಗಲೇ ಹೆದರಿದ್ದರೋ, ಆ ದನಿ ಎಷ್ಟು ಕಾಲದಿಂದ ಕೇಳುತ್ತಿದೆ, ನಿದ್ದೆ ಊಟ ಕೆಲಸಗಳು ಯಾವಾಗಿನಿಂದ ಕೆಟ್ಟವು ಎಂದು ವಿಚಾರಿಸಬೇಕು. ನಂಬಿಕೆಯೊಳಗಿರುವ ಊರೇ ಇದು ದೈವವಲ್ಲ ಎಂದು ಹೇಳುತ್ತಿದ್ದರೆ ಅದು ತೂಕವಿರುವ ಮಾಹಿತಿ. ಪರೀಕ್ಷಕರು ಸ್ವತಃ ಆ ದೈವದ ಭಕ್ತರಾಗಿದ್ದರೆ ಅಥವಾ ಅಂಥ ಆಚರಣೆಯನ್ನೇ ಕಟುವಾಗಿ ವಿರೋಧಿಸುವವರಾಗಿದ್ದರೆ, ತಮ್ಮ ಕರಡನ್ನು ಹಾಗಲ್ಲದ ಒಬ್ಬ ಸಹೋದ್ಯೋಗಿಗೆ ಹೆಸರು ಮರೆಮಾಡಿ ತೋರಿಸುವುದು ಒಳ್ಳೆಯದು.

ನಟನೆಯ ಆರೋಪ

ನಟಿಸುತ್ತಾನೆ ಎಂಬ ಪದವನ್ನು ವರದಿಯಲ್ಲಿ ಬಳಸುವ ಮುನ್ನ ಹತ್ತು ಸಲ ಯೋಚಿಸಿ, ಏಕೆಂದರೆ ಆ ಪದ ವರದಿಯಿಂದ ತೀರ್ಪಿಗೆ, ತೀರ್ಪಿನಿಂದ ಜೈಲಿನ ಕಡತಕ್ಕೆ ಹೋಗಿ ಅವನ ಜೊತೆಗೇ ಉಳಿಯುತ್ತದೆ. ಮುಂದೆ ನಿಜವಾಗಿ ರೋಗ ಉಲ್ಬಣಿಸಿದಾಗಲೂ ಯಾರೂ ನಂಬುವುದಿಲ್ಲ. ಪೆನ್ಸಿಲ್ ಹಿಡಿಯದೆ ಹದಿನೈದು ವರ್ಷವಾದ ಮನುಷ್ಯ ಚಿತ್ರ ನಕಲು ಮಾಡುವ ಪರೀಕ್ಷೆಯಲ್ಲಿ ಎಡವುವುದು, ಹೆದರಿದವನು ಎಲ್ಲದಕ್ಕೂ “ಗೊತ್ತಿಲ್ಲ” ಎನ್ನುವುದು ನಟನೆಯಲ್ಲ. ಒಂದೇ ಪರೀಕ್ಷೆಯ ಅಂಕದಿಂದ ತೀರ್ಮಾನಕ್ಕೆ ಬಾರದೆ, ಬೇರೆ ಬೇರೆ ದಿನಗಳಲ್ಲಿ ನೋಡಿ, ವಾರ್ಡಿನಲ್ಲಿ ಅವನು ಹೇಗಿರುತ್ತಾನೆ ಎಂಬುದನ್ನು ಕೇಳಿ ತಿಳಿಯಬೇಕು. ನಟನೆಯೂ ರೋಗವೂ ಒಬ್ಬನಲ್ಲೇ ಇರಬಹುದು. ಸಾಕಷ್ಟು ಆಧಾರವಿಲ್ಲದಿದ್ದಾಗ “ಪರೀಕ್ಷೆಯಲ್ಲಿ ಅವನು ಹಾಕಿದ ಪ್ರಯತ್ನ ಅಸಮವಾಗಿತ್ತು, ಆದ್ದರಿಂದ ಈ ಅಂಕಗಳನ್ನು ಅವಲಂಬಿಸಲಾಗದು” ಎಂದು ಬರೆದರೆ ಸತ್ಯಕ್ಕೂ ನ್ಯಾಯಕ್ಕೂ ಚ್ಯುತಿಯಿಲ್ಲ.

ಹದಿನಾರು ದಾಟಿದ ಮಕ್ಕಳು

ಬಾಲನ್ಯಾಯ ಕಾಯ್ದೆ 2015ರ 15ನೇ ಸೆಕ್ಷನ್ ಪ್ರಕಾರ ಹದಿನಾರರಿಂದ ಹದಿನೆಂಟರ ನಡುವಿನ ಮಕ್ಕಳ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಪ್ರಾಥಮಿಕ ಮೌಲ್ಯಮಾಪನ ನಡೆಯುತ್ತದೆ. ಕೃತ್ಯವೆಸಗುವ ದೈಹಿಕ ಮತ್ತು ಮಾನಸಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ, ಕೃತ್ಯ ನಡೆದ ಸನ್ನಿವೇಶ ಇವನ್ನು ಬಾಲನ್ಯಾಯ ಮಂಡಳಿ ನೋಡಬೇಕು. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಅಥವಾ ಮನೋವೈದ್ಯದಲ್ಲಿ ಅರ್ಹತೆಯುಳ್ಳವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಇದು ವಿಚಾರಣೆಯಲ್ಲ ಎಂದು ಕಾಯ್ದೆಯೇ ಸ್ಪಷ್ಟಪಡಿಸಿದೆ. ಆದರೂ ಇಲ್ಲೊಂದು ಆಳವಾದ ಇಕ್ಕಟ್ಟಿದೆ. ಮಗು ಕೃತ್ಯವೆಸಗಿದೆಯೋ ಇಲ್ಲವೋ ಇನ್ನೂ ಸಾಬೀತಾಗಿಲ್ಲ; ಆ ಕೃತ್ಯದ ಸನ್ನಿವೇಶವನ್ನು ಮಗುವಿನ ಬಾಯಿಂದಲೇ ಕೇಳಿದರೆ ತಪ್ಪೊಪ್ಪಿಗೆ ಪಡೆದಂತಾಗುತ್ತದೆ. ಆದ್ದರಿಂದ ಸನ್ನಿವೇಶದ ವಿವರವನ್ನು ದಾಖಲೆಗಳಿಂದಲೂ ಸಾಮಾಜಿಕ ತನಿಖಾ ವರದಿಯಿಂದಲೂ ತೆಗೆದುಕೊಂಡು, ಮಗುವಿನೊಡನೆ ಅದರ ತಿಳಿವಳಿಕೆಯ ಸಾಮಾನ್ಯ ಮಟ್ಟ, ಗೆಳೆಯರ ಒತ್ತಡಕ್ಕೆ ಬಗ್ಗುವ ಸ್ವಭಾವ, ಶಾಲೆ, ಮನೆ, ನೋವು, ವ್ಯಸನಗಳ ಬಗ್ಗೆ ಮಾತನಾಡಬೇಕು. ದೈಹಿಕ ಸಾಮರ್ಥ್ಯ ಇದ್ದೇ ಇರುತ್ತದೆ. ಪರಿಣಾಮ ತಿಳಿಯುವುದೂ ಆವೇಗವನ್ನು ತಡೆಯಬಲ್ಲವನಾಗುವುದೂ ಬೇರೆ ಬೇರೆ ಎಂಬುದನ್ನು ವರದಿ ಬಿಡಿಸಿ ಹೇಳಬೇಕು. ವಯಸ್ಕನಂತೆ ವಿಚಾರಿಸಬೇಕೇ ಬೇಡವೇ ಎಂಬ ಶಿಫಾರಸು ನಮ್ಮ ಕೆಲಸವಲ್ಲ.

ವರದಿ ಬರೆಯುವಾಗ

ಕೊನೆಯ ತೀರ್ಮಾನ ನ್ಯಾಯಾಧೀಶರದು. ವೈದ್ಯಕೀಯ ದೃಷ್ಟಿಯ ಮನೋರೋಗ ಬೇರೆ, ಕಾನೂನು ಒಪ್ಪುವ ಮನೋವೈಕಲ್ಯ ಬೇರೆ ಎಂಬುದನ್ನು ಸುಪ್ರೀಂ ಕೋರ್ಟು ಸುರೇಂದ್ರ ಮಿಶ್ರಾ ವಿರುದ್ಧ ಝಾರ್ಖಂಡ್ ರಾಜ್ಯ ಪ್ರಕರಣದಲ್ಲಿ 2011ರಲ್ಲಿ ಹೇಳಿದೆ. ಕೃತ್ಯದ ಹೊತ್ತಿನ ಮನಸ್ಥಿತಿಯೇ ನಿರ್ಣಾಯಕ, ಆರೋಪಿ ಅದನ್ನು ಸಂಭವನೀಯತೆಯ ತೂಕದಿಂದ ತೋರಿಸಿದರೆ ಸಾಕು ಎಂಬುದು 1964ರ ದಹ್ಯಾಭಾಯಿ ಠಕ್ಕರ್ ಪ್ರಕರಣದಿಂದ ನಡೆದುಬಂದ ನಿಲುವು. ಹಾಗಾಗಿ “ಈತನು 22ನೇ ಸೆಕ್ಷನ್‌ನ ರಕ್ಷಣೆಗೆ ಅರ್ಹನು” ಎಂದು ನಾವು ಬರೆಯಬಾರದು. ಯಾವ ಲಕ್ಷಣಗಳಿದ್ದವು, ಅವುಗಳಿಗೆ ಆಧಾರವೇನು, ಅಂಥ ಲಕ್ಷಣಗಳಿರುವವರ ತಿಳಿವಳಿಕೆ ಹೇಗೆ ಬದಲಾಗುತ್ತದೆ ಎಂಬಲ್ಲಿಗೆ ನಿಲ್ಲಿಸಬೇಕು.

ಮನೆಯವರು ಬಂದು ತಲೆ ಸರಿಯಿಲ್ಲ ಎಂದು ಬರೆದುಕೊಡಿ, ಬಿಡುಗಡೆಯಾಗುತ್ತದೆ ಎಂದು ಬೇಡಿಕೊಳ್ಳುತ್ತಾರೆ. ಅವರ ಸಂಕಟ ನಿಜವಾದದ್ದು, ಗದರಿಸಿ ಕಳುಹಿಸುವಂಥದಲ್ಲ. ಆದರೆ ಮನೋವೈಕಲ್ಯದ ಕಾರಣಕ್ಕೆ ಖುಲಾಸೆಯಾದವನು ನೇರವಾಗಿ ಮನೆಗೆ ಬರುವುದಿಲ್ಲ, ನಾಗರಿಕ ಸುರಕ್ಷಾ ಸಂಹಿತೆಯ 374ನೇ ಸೆಕ್ಷನ್ ಪ್ರಕಾರ ಅವನನ್ನು ಸುರಕ್ಷಿತ ಅಭಿರಕ್ಷೆಯಲ್ಲಿಡಬಹುದು, ಅದು ದೀರ್ಘವಾಗಲೂಬಹುದು ಎಂಬುದನ್ನು ಅವರಿಗೆ ತಿಳಿಸಿ ವಕೀಲರನ್ನು ಕೇಳುವಂತೆ ಹೇಳಬೇಕು. ಪ್ರಾಸಿಕ್ಯೂಷನ್ ಕಡೆಯಿಂದ ಬರುವ ಒತ್ತಡ ಇಷ್ಟು ಬಹಿರಂಗವಾಗಿರುವುದಿಲ್ಲ. ಕರಡನ್ನು ಒಮ್ಮೆ ತೋರಿಸಿ ಎಂಬ ರೂಪದಲ್ಲಿ ಬರುತ್ತದೆ. ನ್ಯಾಯಾಲಯ ಕೇಳಿದ ವರದಿಯ ಕರಡನ್ನು ಪ್ರಕರಣಕ್ಕೆ ಸಂಬಂಧಪಟ್ಟ ಯಾರಿಗೂ ತೋರಿಸಬಾರದು. ಪ್ರಕರಣ ಪತ್ರಿಕೆಯಲ್ಲಿ ಬಂದಿದ್ದರೆ ವರದಿಗಾರರು ಕರೆ ಮಾಡುತ್ತಾರೆ. ಹೇಳಲು ಏನೂ ಇಲ್ಲ ಎನ್ನುವುದೇ ಉತ್ತರ.

ಕೆಲವೊಮ್ಮೆ ಶಿಕ್ಷೆಯ ಹಂತದಲ್ಲಿ ವರದಿ ಕೇಳುತ್ತಾರೆ. ಮರಣದಂಡನೆ ವಿಧಿಸಬಹುದಾದ ಪ್ರಕರಣಗಳಲ್ಲಿ ಆರೋಪಿಯ ಮಾನಸಿಕ ಮೌಲ್ಯಮಾಪನದ ವರದಿಯನ್ನು ತರಿಸಬೇಕೆಂದು 2022ರ ಮೇ ತಿಂಗಳಲ್ಲಿ ಮನೋಜ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಿರ್ದೇಶಿಸಿತು. ಅಲ್ಲಿ ಅವನು ಎಂದಿಗೂ ತಿದ್ದಿಕೊಳ್ಳಲಾರನು ಎಂಬಂಥ ಭವಿಷ್ಯವಾಣಿಯನ್ನು ಯಾವ ಪರೀಕ್ಷೆಯೂ ಬೆಂಬಲಿಸುವುದಿಲ್ಲ. ಬಾಲ್ಯ, ಪೆಟ್ಟು, ರೋಗ, ವ್ಯಸನ, ಜೈಲಿನಲ್ಲಿ ಅವನ ನಡವಳಿಕೆ ಇವನ್ನು ಆಧಾರಸಹಿತ ಬರೆಯಿರಿ. ಜೀವ ಉಳಿಯುವ ಹೋಗುವ ವಿಷಯದಲ್ಲಿ ಒಂದೇ ಭೇಟಿಯ ವರದಿ ಕೊಡಲಾಗದು ಎಂದು ಹೇಳುವ ಧೈರ್ಯವೂ ಬೇಕು.

ಸಲ್ಲಿಸಿದ ಮೇಲೆ ಹೊಸ ದಾಖಲೆ ಸಿಗಬಹುದು, ಅಂಕ ಕೂಡಿಸಿದ್ದರಲ್ಲಿ ತಪ್ಪು ಕಾಣಬಹುದು, ಹಳೆಯ ಆಸ್ಪತ್ರೆಯ ಚೀಟಿಯೊಂದು ತಡವಾಗಿ ಕೈಸೇರಬಹುದು. ಪಾಟೀಸವಾಲಿನಲ್ಲಿ ಯಾರಾದರೂ ಕೇಳುವ ತನಕ ಕಾಯದೆ, ಏನು ಬದಲಾಗಿದೆ, ಅದರಿಂದ ಅಭಿಪ್ರಾಯ ಎಷ್ಟು ಬದಲಾಗಿದೆ ಎಂಬುದನ್ನು ಪೂರಕ ವರದಿಯಾಗಿ ಬರೆದು, ಎರಡೂ ಕಡೆಯವರಿಗೆ ಪ್ರತಿ ತಲುಪುವಂತೆ ನ್ಯಾಯಾಲಯದ ಮೂಲಕವೇ ಸಲ್ಲಿಸಬೇಕು. ಮೂಲ ಟಿಪ್ಪಣಿಗಳು, ಉತ್ತರ ಹಾಳೆಗಳು, ಭಾಷೆಯ ಬಗ್ಗೆ ಬರೆದುಕೊಂಡ ಪುಟ, ಆರಂಭದಲ್ಲಿ ಅವನು ತನ್ನ ಮಾತಿನಲ್ಲಿ ತಿರುಗಿ ಹೇಳಿದ್ದು ಎಲ್ಲವೂ ಮೇಲ್ಮನವಿಯ ಹಂತ ಮುಗಿಯುವ ತನಕ ಬೀಗ ಹಾಕಿದ ಕಪಾಟಿನಲ್ಲಿರಬೇಕು.